ಕಲ್ಯಾಣ ಎಂಬ ಚೀಟಿ

“ಪೆನ್ನಿನ ಟೋಪಿ ಹಾಕು, ಉಜ್ವಲಾ. ನಾಲ್ಕಕ್ಕ ಇನ್ನಾ ಭಾಳ ಹೊತ್ತದ. ಮೊದಲ ಎರಡು ತುತ್ತು ಉಣ್ಣು.”

ಹೀಗೆಂದು ರುಕ್ಮಿಣಿಬಾಯಿ ಹುಡುಗಿಯ ಮುಂದಿದ್ದ ಕಾಗದವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. ಫ್ಯಾನಿನ ಗಾಳಿಗೆ ಹಾರದಂತೆ ಅದರ ಮೇಲೆ ನೀರಿನ ಲೋಟ ಇಟ್ಟಳು.

ಅದು ಮಾಫಿನಾಮೆ. ಬರೆದವರು ಉಜ್ವಲಾ ಕೆಲಸ ಮಾಡುವ ಔಷಧಿ ಕಂಪನಿಯವರು, ಸಹಿ ಮಾತ್ರ ಅವಳದ್ದು ಬೇಕಿತ್ತು. ‘ಮಂಗಳವಾರ ಮುಂಜಾನೆ 11.42ಕ್ಕೆ, 217ನೆಯ ಬ್ಯಾಚಿನ ತಪಾಸಣೆಯ ಅಂಕಿಯನ್ನು ನಾನೇ ತಿದ್ದಿದ್ದೇನೆ’ ಎಂದು ಅದರಲ್ಲಿತ್ತು. ನಾಪಾಸಾಗಿದ್ದ ಜ್ವರದ ಔಷಧಿಯ ಪುಡಿ ಆ ಒಂದು ತಿದ್ದುಪಡಿಯಿಂದ ಪಾಸಾಗಿತ್ತು. ಮರುದಿನ ಗೊತ್ತಾಗಿ ಮಾಲನ್ನು ತಡೆದಿದ್ದರು. ತಿದ್ದಿದವರನ್ನು ಹುಡುಕಿ ಹೊರಟವರು ಎರಡೇ ದಿನದಲ್ಲಿ ಉಜ್ವಲಾಳ ಹತ್ತಿರ ಬಂದು ನಿಂತಿದ್ದರು.

ಸಹಿ ಹಾಕಿದರೆ ನೌಕರಿ ಹೋಗುತ್ತದೆ, ಮುಂದೆ ಯಾವ ಪ್ರಯೋಗಾಲಯವೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಕದಿದ್ದರೆ ಇಂದು ನಾಲ್ಕು ಗಂಟೆಗೆ ಅವಳ ಹೆಸರಿನಲ್ಲಿ ಠಾಣೆಗೆ ಫಿರ್ಯಾದು ಹೋಗುತ್ತದೆ.

“ಗಂಟಲಾಗ ಇಳ್ಯಂಗಿಲ್ರಿ ಮೌಶಿ,” ಎಂದಳು ಉಜ್ವಲಾ.

“ಈ ಕ್ಯಾಂಟೀನಿನ ಬ್ಯಾಳಿ ನೀರಿನಕಿಂತ ತೆಳ್ಳಗದ. ತಾನೇ ಇಳೀತದ, ಬಿಡು,” ಎಂದಳು ಎದುರಿಗಿದ್ದ ಮೀನಾಜ್.

ಉಜ್ವಲಾಳ ತುಟಿ ಸ್ವಲ್ಪ ಸಡಿಲಾಯಿತು. ಒಂದು ತುತ್ತು ಇಳಿಯಿತು ಕೂಡ.

ಮೀನಾಜ್ ಬಸವಕಲ್ಯಾಣದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ರುಕ್ಮಿಣಿಬಾಯಿ ಅದೇ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೆರಡು ವರ್ಷ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಯಾರ ಮನೆಯಲ್ಲಿ ಏನು ಗಂಟು ಬಿದ್ದರೂ ಬಿಡಿಸಲು ಊರವರು ಹುಡುಕಿಕೊಂಡು ಬರುವುದು ಅವಳನ್ನೇ. ಉಜ್ವಲಾಳ ತಾಯಿ ಮಂಠಾಳದಿಂದ ಬಂದು ಈ ಮೌಶಿಯ ಮನೆಯ ಕಟ್ಟೆಯ ಮೇಲೆ ಕುಳಿತು ಅತ್ತ ಮೇಲೆ, ರುಕ್ಮಿಣಿಬಾಯಿ, ಮೀನಾಜ್ ಇಬ್ಬರೂ ಬೆಳಗಿನ ಬಸ್ಸಿಗೆ ಹುಮನಾಬಾದಿನ ಈ ಕಂಪನಿಗೆ ಹೊರಟುಬಂದಿದ್ದರು.

ರುಕ್ಮಿಣಿಬಾಯಿ ಊಟ ಮುಗಿಸಿ ಸೊಂಟದ ಚಂಚಿಯನ್ನು ಬಿಚ್ಚಿದಳು. ಎಲೆ ಅಡಿಕೆಯ ಜೊತೆಗೆ ಊಟದ ಕೂಪನ್ನಿನ ಹರಿದ ಅರ್ಧವನ್ನೂ ಅದರೊಳಗೆ ಹಾಕಿಕೊಂಡಳು. ಆ ಕೂಪನ್ನುಗಳನ್ನು ಕೂಪನ್ ಕೋಣೆಯ ಸಣ್ಣ ಕಿಟಕಿಯಿಂದ ಹಸಿರು ಬಳೆಯ ಕೈಯೊಂದು ಹೊರಗೆ ಚಾಚಿತ್ತು. ಕೈಯ ಹಿಂದಿನ ಮುಖ ಕಂಡಿರಲಿಲ್ಲ.

“ಅದನ್ನ ಯಾಕ ಇಟ್ಕೋತೀರಿ ಮೌಶಿ?” ಎಂದಳು ಮೀನಾಜ್.

“ಎಕ್ಸ್‌ಚೇಂಜಿನ ರೂಢಿ. ಟ್ರಂಕ್ ಕಾಲಿನ ಒಂದ್ ಚೀಟಿ ಕಳೀತಂದ್ರ ನಮ್ಮ ಸೂಪರ್‌ವೈಜರ್ ಮುಂಜಾನಿಂದ ಸಂಜೀತನಕ ಬೈತಿದ್ದ. ಈಗ ಚೀಟಿ ಕೈಗೆ ಬಂದ್ರ ಸಾಕು, ಚಂಚಿಗೆ ಹೋಗತದ.”

ಅಷ್ಟರಲ್ಲಿ ಮಜ್ಜಿಗೆಯ ಮೂರು ಲೋಟ ಹಿಡಿದು ಗುರುಲಿಂಗ ಬಂದ. ಕಂಪನಿಯ ವೆಲ್ಫೇರ್ ಆಫೀಸರ್. ಕೆಲಸಗಾರರ ಊಟ, ದವಾಖಾನೆ, ರಜೆ ಎಲ್ಲವೂ ಅವನ ಕೈಯಲ್ಲಿ. ಎಲ್ಲರ ಬಾಯಲ್ಲಿ ಅವನು ವೆಲ್ಫೇರ್ ಕಾಕಾ.

“ಗುರ್ತು ಹತ್ತಿತೇನ್ರಿ ಬಾಯಾರೆ? ಮಂಗಳವಾರ ನಿಮ್ಮೂರ ಬ್ಯಾಂಕಿನ್ಯಾಗ ನಿಮ್ಮ ಬಾಜೂಕ್ಕ ಕುಂತಿದ್ನಲ್ರಿ.”

“ಹತ್ತದೆ ಏನ್ರಿ? ನಿಮ್ಮ ಟೋಕನ್ ನನಗ ಕೊಟ್ಟು, ನನ್ನ ಆಮ್ಯಾಲಿನ ನಂಬರ್ ನೀವು ಹಿಡ್ಕೊಂಡು ಕುಂತ್ರಿ. ಮ್ಯಾಲ ಪೇರಲಹಣ್ಣು ಬ್ಯಾರೆ ಕೊಟ್ರಿ. ನನ್ನ ಹಲ್ಲಿಗಿ ಅದು ದಕ್ಕಲಿಲ್ಲ, ಅಷ್ಟೇ.”

ಗುರುಲಿಂಗ ನಕ್ಕ. ಆಮೇಲೆ ಉಜ್ವಲಾಳ ಕಡೆ ತಿರುಗಿ ದನಿ ತಗ್ಗಿಸಿದ.

“ಸಹಿ ಹಾಕಿಬಿಡು ಬೇಟಾ. ನೌಕರಿ ಇನ್ನೊಂದು ಸಿಗತದ. ಒಮ್ಮೆ ಠಾಣೆ ಮೆಟ್ಟಿಲು ಹತ್ತಿದ್ರ ಇಳಿಯೋದು ಭಾಳ ಕಠಿಣ.”

ಲೋಟಗಳನ್ನು ಇಡುವಾಗ ಮಜ್ಜಿಗೆ ಮೇಜಿನ ಮೇಲೆ ತುಳುಕಿತು. ಅವನು ತನ್ನ ಟವೆಲಿನಿಂದಲೇ ಒರೆಸಿ ಹೋದ.

*

ಕಂಪ್ಯೂಟರ್ ಕೋಣೆಯಲ್ಲಿ ಎ.ಸಿ. ಹಾಕಿತ್ತು. ರುಕ್ಮಿಣಿಬಾಯಿ ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದು ಕುಳಿತಳು. ಕೋಣೆಯ ಒಡೆಯ ಅನೀಲಕುಮಾರ, ಹುಮನಾಬಾದಿನವನೇ. ಮೂವತ್ತರ ಒಳಗಿನ ವಯಸ್ಸು, ಅಚ್ಚುಕಟ್ಟಾಗಿ ಮಡಚಿದ ತೋಳು. ಉಜ್ವಲಾಳ ಮೇಲೆ ವರದಿ ಬರೆದವನು ಅವನು.

“ಇದರಾಗ ನನ್ನ ಹಗೆತನ ಏನಿಲ್ರಿ ಅಮ್ಮಾರೆ,” ಎಂದ. “ಕಂಪ್ಯೂಟರ್ ತಾನೇ ಬರದಿಡೋ ಲಾಗ್ ಏನ್ ಹೇಳತದ, ಅದನ್ನೇ ಬರದೀನಿ.”

ಪರದೆಯ ಮೇಲೆ ಒಂದು ಸಾಲು ತೋರಿಸಿದ. ಮಂಗಳವಾರ, 11.42. ತಪಾಸಣೆಯ ದಫ್ತರಕ್ಕೆ ಬರೆದ ಸಾಕೆಟ್ಟು. ಅದರ ಚೀಟಿ: ಕಲ್ಯಾಣ.

“ಸಾಕೆಟ್ ಅಂದ್ರ ನನಗ ಗೋಡಿ ಮ್ಯಾಲಿಂದು ಗೊತ್ತದ,” ಎಂದಳು ರುಕ್ಮಿಣಿಬಾಯಿ. “ಇದು ಯಾವುದು, ಮೀನಾಜ್?”

“ನಿಮ್ಮ ಹಳೇ ಬೋರ್ಡಿನ ತೂತು ಇದ್ದಂಗ್ರಿ ಮೌಶಿ. ಒಂದು ಪ್ರೋಗ್ರಾಮು ಇನ್ನೊಂದರ ಕೂಡ ಮಾತಾಡಬೇಕಂದ್ರ ಮೊದಲ ಒಂದ್ ಸಾಕೆಟ್ ತೆರೀಬೇಕು. ತೆರದ ಗಳಿಗಿಗೇ ಕರ್ನೆಲ್ ಅದಕ್ಕ ಚೀಟಿ ಹಚ್ಚತದ. ಕರ್ನೆಲ್ ಅಂದ್ರ ಕಂಪ್ಯೂಟರಿನ ಒಳಗಿನ ದೊಡ್ಡ ಯಜಮಾನ. ಅದನ್ನ ಕೇಳದೆ ಯಾವ ಪ್ರೋಗ್ರಾಮೂ ಕೈಕಾಲು ಅಲ್ಲಾಡಿಸಂಗಿಲ್ಲ.”

“ಚೀಟಿ ಮ್ಯಾಲ ಏನ್ ಬರೀತದ?”

“ತೆರದ ಪ್ರೋಗ್ರಾಮಿನ ಮೈಮ್ಯಾಲ ಯಾವ ಚೀಟಿ ಅದನೋ, ಸಾಕೆಟ್ಟಿಗೂ ಅದೇ. ಆ ಸಾಕೆಟ್ಟಿನಿಂದ ಇನ್ನೊಂದು ಹುಟ್ಟಿದ್ರ ಅದಕ್ಕೂ ಅದೇ. ಈ ಕಂಪ್ಯೂಟರಿನ ಕಾಯ್ದೆ ಹ್ಯಾಂಗದ ಅಂದ್ರ, ಪ್ರೋಗ್ರಾಮು ತಾನಾಗಿ ಅದನ್ನ ಕಿತ್ತು ಬ್ಯಾರೆ ಹಚ್ಕೊಳ್ಳಾಕ ಬರಂಗಿಲ್ಲ. ಯಾವ ಚೀಟಿ ಯಾವ ದಫ್ತರ ಮುಟ್ಟಬೇಕು, ಯಾವುದು ಮುಟ್ಟಬಾರದು ಅಂಬೋದೂ ಕರ್ನೆಲ್ಲಿನ ಹತ್ರ ಬರದಿಟ್ಟದ. ಪರವಾನಗಿ ಇಲ್ಲದಿದ್ರ ಬಾಗಲದಾಗೇ ವಾಪಸ್.”

ರುಕ್ಮಿಣಿಬಾಯಿ ತಲೆಯಾಡಿಸಿದಳು. ಟ್ರಂಕ್ ಕಾಲಿಗೂ ಹಾಗೆಯೇ ಇತ್ತು. ಕಾಲು ಬುಕ್ ಮಾಡಿದ ನಂಬರೇ ಚೀಟಿಯ ಮೇಲೆ ಬೀಳುತ್ತಿತ್ತು. ಆ ನಂಬರಿನ ಮನೆಯಲ್ಲಿ ಫೋನು ಎತ್ತಿ ಮಾತಾಡಿದವರು ಯಜಮಾನನೋ ನೆಂಟನೋ ಎಂಬುದು ಚೀಟಿಗೆ ತಿಳಿಯುತ್ತಿರಲಿಲ್ಲ. ಆ ಮಾತನ್ನು ಅವಳು ಮನಸ್ಸಿನಲ್ಲೇ ಇಟ್ಟುಕೊಂಡಳು.

“ನೋಡ್ರಿ ಮತ್ತ,” ಎಂದ ಅನೀಲಕುಮಾರ. “ಚೀಟಿ ಕಲ್ಯಾಣ ಅಂತದ. ನಿಮ್ಮ ಕಲ್ಯಾಣದಾಗ ನಮ್ಮದೊಂದು ಗೋದಾಮು ಅದ. ಮಂಗಳವಾರ ಅಲ್ಲಿ ಕಂಪ್ಯೂಟರ್ ಮುಂದ ಇದ್ದಾಕಿ ಉಜ್ವಲಾ ಒಬ್ಬಾಕಿನೇ. ಇನ್ನೇನ್ ಉಳೀತ್ರಿ?”

ರುಕ್ಮಿಣಿಬಾಯಿಗೂ ಒಳಗೊಳಗೆ ಹಾಗೆಯೇ ಅನ್ನಿಸಿತು. ಚೀಟಿ ಸುಳ್ಳು ಹೇಳುವುದಿಲ್ಲ. ಹುಡುಗಿ ಅಲ್ಲಿ ಇದ್ದದ್ದೂ ಸುಳ್ಳಲ್ಲ.

“ಅಲ್ಲಿ ಏನ್ ಮಾಡಾಕತ್ತಿದ್ದಿ, ಉಜ್ವಲಾ? ಇದ್ದದ್ದು ಇದ್ದಂಗ ಹೇಳು.”

“ಸ್ಯಾಂಪಲ್ ತಗೊಳ್ಳಾಕ ಹೋಗಿದ್ದೆ ಮೌಶಿ. ಅಂಕಿ ಎಂಟ್ರಿ ಮಾಡಾಕ ನೋಡಿದೆ, ಹೋಗಲಿಲ್ಲ. ಹಾಳಿ ಮ್ಯಾಲ ಬರ್ಕೊಂಡು ಬಂದೆ. ದಿನಾ ಹಂಗೇ.”

“ದಿನಾ ಹಂಗೇ ಅಂದ್ರ?”

“ಎಂಟು ತಿಂಗಳಾತ್ರಿ, ಗೋದಾಮಿನಿಂದ ಒಂದ್ ಎಂಟ್ರಿನೂ ಹೋಗಂಗಿಲ್ಲ. ಅನೀಲಕುಮಾರ ಸರ್‌ಗ ಎಷ್ಟು ಸಲ ಹೇಳೀನಿ.”

“ಅಲ್ಲಿ ನೆಟ್‌ವರ್ಕ್ ಸರಿ ಇಲ್ರಿ,” ಎಂದ ಅನೀಲಕುಮಾರ, ಸ್ವಲ್ಪ ಬೇಸರದಿಂದ.

ರುಕ್ಮಿಣಿಬಾಯಿ ಅವನನ್ನು ಅವಸರವಿಲ್ಲದೆ ನೋಡಿದಳು.

“ಎಂಟು ತಿಂಗಳು ಹೋಗದೇ ಇದ್ದದ್ದು, ಅವತ್ತ ಒಂದ್ ದಿನ, ಒಂದೇ ಒಂದು ಎಂಟ್ರಿ ಹ್ಯಾಂಗ ಹೋತಪ್ಪಾ?”

ಅನೀಲಕುಮಾರ ಪರದೆಯ ಆ ಸಾಲನ್ನು ಮತ್ತೊಮ್ಮೆ ಓದತೊಡಗಿದ.

“ಬಾಗಲದಾಗಿಂದ ವಾಪಸ್ ಕಳಿಸಿದ ಸಾಲುಗಳನ್ನೂ ತೋರಸ್ರಿ,” ಎಂದಳು ಮೀನಾಜ್. “ನಿಮ್ಮ ವರದಿಯಾಗ ಒಳಗ ಹೋದವು ಅಷ್ಟೇ ಅವ.”

“ಹೋಗದೇ ಇದ್ದದ್ದನ್ನ ಹಿಡ್ಕೊಂಡು ಏನ್ ಮಾಡ್ತೀರಿ?”

“ಜರಾ ತೋರಸ್ರಿ. ಚೀಟಿಗಳ ಪೂರಾ ಯಾದಿನೂ ಕೊಡ್ರಿ.”

ಪ್ರಿಂಟರು ಹಳೆಯದು. ಒಂದೊಂದು ಹಾಳೆಗೂ ನಿಟ್ಟುಸಿರು ಬಿಡುತ್ತಿತ್ತು. ಎರಡೂವರೆ ಆಯಿತು. ಉಜ್ವಲಾ ಗಡಿಯಾರ ನೋಡಿದಳು, ಮತ್ತೆ ನೋಡಿದಳು.

ರುಕ್ಮಿಣಿಬಾಯಿ ಎಲೆ ಹಾಕಿಕೊಳ್ಳಲು ಚಂಚಿ ಬಿಚ್ಚಿದಳು. ಕೂಪನ್ನಿನ ಅರ್ಧ ತೊಡೆಯ ಮೇಲೆ ಬಿತ್ತು. ಎತ್ತಿ ಒಳಗಿಡಲು ಹೋದವಳು ತಡೆದಳು. ಕೂಪನ್ನಿನ ತಳದಲ್ಲಿ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳು. ಕನ್ನಡಕವನ್ನು ಹಣೆಯಿಂದ ಇಳಿಸಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು.

ಕಲ್ಯಾಣ.

ಅನ್ನ ಬೇಯಿಸಿದ್ದು ಹುಮನಾಬಾದಿನಲ್ಲಿ. ಉಂಡದ್ದು ಹುಮನಾಬಾದಿನಲ್ಲಿ. ಕೂಪನ್ ಹರಿದದ್ದೂ ಇಲ್ಲೇ. ಇದರ ಮೇಲೆ ನಮ್ಮೂರ ಹೆಸರೇಕೆ?

ಅವಳು ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟಳು. ಆಮೇಲೆ ಕೂಪನ್ನನ್ನು ಮೀನಾಜಳ ಕೈಯಲ್ಲಿಟ್ಟಳು. ಮೀನಾಜ್ ಅದನ್ನು ನೋಡಿದಳು, ಬಿಸಿಬಿಸಿ ಬಂದ ಯಾದಿಯನ್ನು ನೋಡಿದಳು. ನಂತರ ಮೌಶಿಯನ್ನು ನೋಡಿ, “ಯಾ ಅಲ್ಲಾ,” ಎಂದಳು, ಬಹಳ ಮೆಲ್ಲಗೆ.

*

ಮ್ಯಾನೇಜರ್ ಶಂಕರಲಿಂಗನ ಕೋಣೆಗೆ ಹೋದಾಗ ಮೂರು ದಾಟಿತ್ತು. ಕೋಣೆಯ ಗಾಜಿನಿಂದ ಅಂಗಳದಾಚೆಯ ಕ್ಯಾಂಟೀನು ಪೂರ್ತಿ ಕಾಣುತ್ತಿತ್ತು. ಸಹಿಗೆ ಸಾಕ್ಷಿಯಾಗಲು ಗುರುಲಿಂಗನನ್ನೂ ಕರೆಸಿದ್ದರು. ಅವನು ಗೋಡೆಯ ಹತ್ತಿರ ಕುರ್ಚಿಯಲ್ಲಿ ಕುಳಿತಿದ್ದ.

“ಸಹಿ ಆತೇನು?” ಎಂದ ಶಂಕರಲಿಂಗ. ಗಟ್ಟಿ ಮನುಷ್ಯ, ಆದರೆ ದನಿ ಏರಿಸುವವನಲ್ಲ.

“ಆಗಿಲ್ರಿ ಸಾಹೇಬ್ರ,” ಎಂದು ರುಕ್ಮಿಣಿಬಾಯಿ ಮಾಫಿನಾಮೆಯನ್ನು ಮೇಜಿನ ಮೇಲೆ ಇಟ್ಟಳು. “ಅದಕ್ಕಿಂತ ಮೊದಲ ಅನೀಲಕುಮಾರಗ ನಾಕು ಮಾತು ಕೇಳತೀನಿ. ನಾಲ್ಕು ಬಡಿಯೋದರಾಗ ಮುಗಸ್ತೀನಿ.”

ಶಂಕರಲಿಂಗ ಕೈಯಿಂದಲೇ ಒಪ್ಪಿಗೆ ಕೊಟ್ಟ.

“ನಂದು ಯಾವೂರಪ್ಪಾ, ಅನೀಲಕುಮಾರ?”

“ಕಲ್ಯಾಣ್ರಿ.”

“ನಾನು ಇಳಿದ ಬಸ್ಸಿನ ಬೋರ್ಡಿನ ಮ್ಯಾಲ ಏನ್ ಬರದಾರ?”

“ಬಸವಕಲ್ಯಾಣ.”

“ಮತ್ತ ನೀ ಯಾಕ ಬರೇ ಕಲ್ಯಾಣ ಅಂದಿ?”

“ಎಲ್ಲಾರೂ ಹಂಗೇ ಅಂತಾರಲ್ರಿ. ನೀವೂ ಅಂತೀರಿ.”

“ಅಂತೀನಿ. ಅದಕ್ಕೇ ನಾನೂ ಅರ್ಧ ದಿನ ಮೋಸ ಹೋದೆ. ಈ ಚೀಟಿಗಳಿಗಿ ಹೆಸರಿಟ್ಟವರು ಯಾವೂರವರು?”

“ನಾವಲ್ರಿ. ಭೋಪಾಲದ ಒಂದ್ ಪಾರ್ಟಿ ಬಂದು ಎಲ್ಲಾ ಕೂಡಿಸಿ ಹೋತು. ಯಾವ ಚೀಟಿಗಿ ಪರವಾನಗಿ ಅಂಬೋ ಕಾಯ್ದೆ ಅಷ್ಟೇ ಆಮ್ಯಾಲ ನಾ ಬರದೀನಿ.”

ಮೀನಾಜ್ ಯಾದಿಯನ್ನು ಮೇಜಿನ ಮೇಲೆ ಬಿಡಿಸಿ ಹಾಸಿದಳು.

“ಹೆಸರೆಲ್ಲಾ ಹಿಂದಿಯಾಗ ಅವ್ರಿ ಸರ್. ಭಂಡಾರ ಅಂದ್ರ ಸ್ಟೋರ್. ಪ್ರಯೋಗಶಾಲಾ ಅಂದ್ರ ಲ್ಯಾಬ್. ಇಲ್ಲಿ ಕಲ್ಯಾಣ. ಈಗ ಕಡೀ ಸಾಲು ನೋಡ್ರಿ.”

ಶಂಕರಲಿಂಗ ಬೆರಳಿಟ್ಟು ಓದಿದ. ಕಡೆಯ ಸಾಲಿನಲ್ಲಿ ‘ಬಸವಕಲ್ಯಾಣ’ ಎಂದು ಬೇರೆಯೇ ಇತ್ತು.

“ಭೋಪಾಲದವ್ರಿಗಿ ನಮ್ಮೂರ ಕಲ್ಯಾಣ ಅಂತ ಹ್ಯಾಂಗ ಗೊತ್ತಾಗಬೇಕು?” ಎಂದಳು ರುಕ್ಮಿಣಿಬಾಯಿ. “ಅವ್ರು ಬೋರ್ಡ್ ನೋಡಿ ಪೂರಾ ಹೆಸರು ಬರದಾರ. ಗೋದಾಮಿನ ಚೀಟಿ ಅದು, ಬಸವಕಲ್ಯಾಣ.”

ಮೀನಾಜ್ ಇನ್ನೊಂದು ಹಾಳೆ ಮುಂದಿಟ್ಟಳು. “ಇವು ಬಾಗಲದಾಗಿಂದ ವಾಪಸ್ ಹೋದವು. ಮಂಗಳವಾರ 11.41. ಚೀಟಿ ಬಸವಕಲ್ಯಾಣ. ಪರವಾನಗಿ ಇಲ್ಲ, ವಾಪಸ್. 11.43, ಮತ್ತ ಬಸವಕಲ್ಯಾಣ, ಮತ್ತ ವಾಪಸ್. ಉಜ್ವಲಾ ಅಲ್ಲಿ ಕುಂತು ಬಾಗಲ ಬಡಿಯಾಕತ್ತಿದ್ಳು. ಬಾಗಲ ತೆರಿಲೇ ಇಲ್ಲ. ನಡುವ 11.42ಕ್ಕ ಒಳಗ ಹೋಗಿ ಅಂಕಿ ತಿದ್ದಿದ್ದು ಬ್ಯಾರೆ ಚೀಟಿ.”

ಅನೀಲಕುಮಾರ ನಿಂತಲ್ಲೇ ಹಣೆ ಹಿಡಿದುಕೊಂಡ.

“ಪರವಾನಗಿ ನಾನೇ ಕೊಟ್ಟಿದ್ದೆ,” ಎಂದ. ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯುವಂತಿರಲಿಲ್ಲ. “ಗೋದಾಮಿಗಿ ಕೊಡಬೇಕಂತ ಕಲ್ಯಾಣ ಅಂತ ಹಾಕಿದೆ. ಯಾದಿ ಸೈತ ತಿರುವಿ ನೋಡಲಿಲ್ಲ. ಎಂಟು ತಿಂಗಳು... ನೆಟ್‌ವರ್ಕ್, ನೆಟ್‌ವರ್ಕ್ ಅಂದೆ.”

“ನಮ್ಮ ಸೀಮಿ ಮಂದಿ ಯಾರಿದ್ರೂ ಹಂಗೇ ಹಾಕ್ತಿದ್ರಪ್ಪಾ,” ಎಂದಳು ರುಕ್ಮಿಣಿಬಾಯಿ. ಅವಳ ದನಿಯಲ್ಲಿ ಬೈಗುಳವಿರಲಿಲ್ಲ.

ಉಜ್ವಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಯಾಗಿ ಹಿಡಿದಿದ್ದಳು. ಈಗ ಒಂದೊಂದೇ ಸುತ್ತು ಬಿಚ್ಚಿದಳು.

“ಹಂಗಾದ್ರ ಈ ಕಲ್ಯಾಣ ಯಾವುದು?” ಎಂದ ಶಂಕರಲಿಂಗ.

ರುಕ್ಮಿಣಿಬಾಯಿ ಊಟದ ಕೂಪನ್ನನ್ನು ಅವನ ಮುಂದೆ ಇಟ್ಟು, ತಳದ ಸಣ್ಣ ಅಕ್ಷರಗಳ ಮೇಲೆ ಬೆರಳು ಇಟ್ಟಳು.

“ನೀವು ವೆಲ್ಫೇರ್ ಅಂತೀರಿ. ಹಿಂದಿಯವರು ಕಲ್ಯಾಣ ಅಂತಾರ. ಕಾಕಾನ ಬಾಗಲ ಮ್ಯಾಲ ಕನ್ನಡದಾಗೂ ದೊಡ್ಡದಾಗಿ ಬರದದ, ಕಾರ್ಮಿಕ ಕಲ್ಯಾಣ ವಿಭಾಗ ಅಂತ. ಬೋರ್ಡ್ ಅಂದ್ರ ಯಾರ್ ಓದ್ತಾರ್ರಿ? ಕೂಪನ್ ಹೊಡಿಯೋ ಪ್ರೋಗ್ರಾಮಿನ ಚೀಟಿ ಇದು, ತಾ ಹೊಡೆದ ಕೂಪನ್ನಿನ ತಳದಾಗೂ ಅದನ್ನೇ ಒತ್ತತದ. ಅಂಕಿ ತಿದ್ದಿದ ಸಾಕೆಟ್ ಹುಟ್ಟಿದ್ದು ಆ ಪ್ರೋಗ್ರಾಮಿನ ಹೊಟ್ಟಿಯಾಗ.”

ಎಲ್ಲರ ಕಣ್ಣೂ ಗೋಡೆಯ ಕಡೆ ತಿರುಗಿದವು. ಗುರುಲಿಂಗ ತನ್ನ ಟವೆಲನ್ನು ಮಡಚುತ್ತಿದ್ದ. ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡ.

“ಆದ್ರ ಒಂದ್ ಮಾತ್ರಿ ಸಾಹೇಬ್ರ,” ಎಂದಳು ರುಕ್ಮಿಣಿಬಾಯಿ ಅವಸರದಿಂದ. ಆ ದಿನ ಅವಳು ಅವಸರ ಮಾಡಿದ್ದು ಅದೊಂದೇ ಸಲ. “ಚೀಟಿ ಪ್ರೋಗ್ರಾಮಿನ ಹೆಸರು ಹೇಳತದ. ಮನಷ್ಯಾರ ಹೆಸರು ಹೇಳಂಗಿಲ್ಲ. ಆ ಹೊತ್ತಿನ್ಯಾಗ ಕೂಪನ್ ಕಂಪ್ಯೂಟರಿನ ಮುಂದ ಯಾರು ಕುಂತಿದ್ರು ಅಂಬೋದು ಇನ್ನಾ ಹುಡುಕಬೇಕು.”

“ಹುಡುಕೋದು ಬ್ಯಾಡ್ರಿ,” ಎಂದ ಗುರುಲಿಂಗ. “ನಾನೇ ಕುಂತಿದ್ದೆ.”

ಗುರುಲಿಂಗ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ.

“ನಾನೇ ತಿದ್ದಿದೆ. ಯಾಕ, ಏನು ಅಂತ ಕೇಳಬ್ಯಾಡ್ರಿ. ಈ ಹುಡುಗಿದು ಏನೂ ಇಲ್ಲ. ಅಕಿನ್ನ ಬಿಟ್ಟುಬಿಡ್ರಿ.”

ಶಂಕರಲಿಂಗ ಅವನ ಕಡೆ ನೋಡಿದ. ಇಪ್ಪತ್ತು ವರ್ಷ ಜೊತೆಗೆ ಚಹಾ ಕುಡಿದ ಮನುಷ್ಯ. ಆಮೇಲೆ ಉಜ್ವಲಾಳ ಮಾಫಿನಾಮೆಯನ್ನು ಎತ್ತಿಕೊಂಡು, ಎರಡಾಗಿ ಹರಿದು, ಮತ್ತೆ ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದ.

“ನಾಳಿಂದ ಡ್ಯೂಟಿಗಿ ಬಾ ತಂಗಿ,” ಎಂದ.

ಉಜ್ವಲಾ ಮೇಜಿನ ಅಂಚು ಹಿಡಿದು ನಿಂತಳು. ಅಳು ಬಂತು, ಆದರೆ ಅವಳು ಅಳುತ್ತಲೇ ಗುರುಲಿಂಗನನ್ನು ನೋಡಿದಳು. “ಕಾಕಾ, ನೀವಾ?” ಎಂದು ಕೇಳಿದಳು. ಅನೀಲಕುಮಾರ ತಂದಿಟ್ಟ ಬಿಳಿ ಹಾಳೆಯ ಮೇಲೆ ಗುರುಲಿಂಗ ಬರೆಯತೊಡಗಿದ. ‘ಮಂಗಳವಾರ ಮುಂಜಾನೆ 11.42ಕ್ಕೆ...’

ಆ ಅಂಕಿಯನ್ನು ಅವನು ಬರೆಯುವುದನ್ನು ನೋಡುತ್ತಿದ್ದಂತೆ ರುಕ್ಮಿಣಿಬಾಯಿಗೆ ಮಂಗಳವಾರದ ಪೇರಲಹಣ್ಣು ನೆನಪಾಯಿತು.

ಕೈ ತಾನಾಗಿ ಚಂಚಿಯೊಳಗೆ ಹೋಯಿತು. ಸುಣ್ಣದ ಡಬ್ಬಿಯ ಕೆಳಗೆ, ನಾಲ್ಕು ಮಡಿಕೆಯಾಗಿ, ಬ್ಯಾಂಕಿನ ಟೋಕನ್ ಚೀಟಿ ಇತ್ತು. ಮೇಜಿನ ಕೆಳಗೇ ಬಿಡಿಸಿ ನೋಡಿದಳು. ನಂಬರು ನಲವತ್ತಮೂರು. ಮಂಗಳವಾರ. ವೇಳೆ 11.38.

ಬಸವಕಲ್ಯಾಣದ ಬ್ಯಾಂಕಿನಲ್ಲಿ, ಅವಳ ಕಣ್ಣೆದುರಿಗೇ, ಯಂತ್ರದಿಂದ ಆ ಚೀಟಿಯನ್ನು ಹರಿದುಕೊಂಡವನು ಇದೇ ಗುರುಲಿಂಗ. ಕೊಟ್ಟವನೂ ಅವನೇ. ಆಮೇಲೆ ಹನ್ನೆರಡರವರೆಗೆ ಪಕ್ಕದಲ್ಲಿ ಕುಳಿತು ಹರಟಿದವನೂ ಅವನೇ. 11.42ಕ್ಕೆ ಹುಮನಾಬಾದಿನ ಕೂಪನ್ ಕಂಪ್ಯೂಟರಿನ ಮುಂದೆ ಅವನು ಇರಲಿಲ್ಲ.

“ಇನ್ನೇನರೆ ಹೇಳೋದದ ಏನ್ರಿ ಅಮ್ಮಾರೆ?” ಎಂದ ಶಂಕರಲಿಂಗ.

ಗುರುಲಿಂಗನ ಪೆನ್ನು ನಿಂತಿತು. ಅವನ ದೃಷ್ಟಿ ಚಂಚಿಯ ಮೇಲೆ ಬಿತ್ತು, ಅವಳ ಮುಷ್ಟಿಯ ಮೇಲೆ ಬಿತ್ತು. ಟೋಕನ್ನು ಅವನಿಗೂ ಆಗಲೇ ನೆನಪಾಗಿತ್ತು. ಬೇಡ ಎಂಬಂತೆ, ಯಾರಿಗೂ ಕಾಣದಷ್ಟು, ತಲೆ ಅಲ್ಲಾಡಿಸಿದ.

ನಂತರ ಒಂದೇ ಒಂದು ಗಳಿಗೆ, ತಡೆಯಲಾರದವನಂತೆ, ಗಾಜಿನಾಚೆ ಅಂಗಳದ ಕಡೆ ನೋಡಿದ.

ರುಕ್ಮಿಣಿಬಾಯಿಯೂ ನೋಡಿದಳು. ಚಹಾದ ಕೂಪನ್ ಐದರವರೆಗೂ ಕೊಡಬೇಕು. ಗಡಿಯಾರದಲ್ಲಿ ಇನ್ನೂ ಮೂರೂವರೆ. ಆದರೆ ಕ್ಯಾಂಟೀನಿನ ಕೂಪನ್ ಕೋಣೆಯ ಬಾಗಿಲು ಮುಚ್ಚಿತ್ತು. ಊಟದ ಹೊತ್ತಿಗೆ ಕೂಪನ್ ಚಾಚಿದ್ದ ಅದೇ ಹಸಿರು ಬಳೆಯ ಕೈ ಹೊರಗಿನಿಂದ ಅದಕ್ಕೆ ಬೀಗ ಹಾಕುತ್ತಿತ್ತು.